ಸರಾಸರಿ ಮಳೆ ಆಯ್ತಲ್ಲ, ರಾಗಿ ಯಾಕೆ ಒಣಗಿತು?

ಮಳೆ ಲೆಕ್ಕ ಬರೆಯುವ ನನಗೆ ರೈತರಿಂದ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ. "ಸಾರ್, ಸರಾಸರಿ ಮಳೆ ಆಗಿದೆ ಅಂತೀರಿ, ನಮ್ಮ ರಾಗಿ ಒಣಗಿ ಹೋಯ್ತಲ್ಲ?" ಇಬ್ಬರದೂ ನಿಜ. ಇಪ್ಪತ್ತು ದಿನ ಹಂಚಿಕೊಂಡು ಬರಬೇಕಾದ ಮಳೆ ಮೂರೇ ದಿನದಲ್ಲಿ ಸುರಿದು ಹೋದರೂ ನಮ್ಮ ಪುಸ್ತಕದಲ್ಲಿ ಮೊತ್ತ ಅಷ್ಟೇ ಇರುತ್ತದೆ.

2024ರ ಬೆಂಗಳೂರನ್ನೇ ನೋಡಿ. ಏಪ್ರಿಲ್‌ನಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ, 28ರಂದು ಬಿಸಿಲು 38.5 ಡಿಗ್ರಿ ಮುಟ್ಟಿತು, ಜನ ಟ್ಯಾಂಕರ್‌ಗೆ ಕಾದು ಕೂತಿದ್ದರು. ಜೂನ್ 2ಕ್ಕೆ ಒಂದೇ ದಿನ 111.1 ಮಿಲಿಮೀಟರ್! ಇಡೀ ಜೂನ್ ತಿಂಗಳಿಗೆ ಆಗಬೇಕಾದಷ್ಟು ಮಳೆ ಅದು. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್. ಹಾಗೆ ಲೆಕ್ಕ ಹಾಕಿದರೆ 30x40 ಸೈಟಿನ ಮೇಲೆ ಬಿದ್ದದ್ದು 12 ಸಾವಿರ ಲೀಟರಿಗೂ ಜಾಸ್ತಿ, ಅಂದರೆ ಒಂದು ದೊಡ್ಡ ಟ್ಯಾಂಕರ್ ನೀರು, ಪುಕ್ಕಟೆ, ಅದೂ ಸೀದಾ ಚರಂಡಿಗೆ. ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ ಅಂತಾರೆ. ಆ ಸಲದ ರೋಹಿಣಿಗೆ ಓಣಿ ತುಂಬಾ ನೀರು, ಅಲ್ಲಲ್ಲಿ ಉರುಳಿದ ಮರ.

ಬಿಸಿಲು, ಮಳೆ ಎರಡೂ ಒಂದೇ ಖಾತೆಯ ಲೆಕ್ಕ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿಯಬಲ್ಲದು. ಹಂಡೆ ದೊಡ್ಡದಾಯಿತು ಅಂದುಕೊಳ್ಳಿ. ಅದು ತುಂಬೋಕೆ ಹೆಚ್ಚು ದಿನ ಬೇಕು, ಅಷ್ಟು ದಿನ ಹೊಲದ ತೇವ, ಕೆರೆಯ ನೀರು ಎಲ್ಲವನ್ನೂ ಎಳೆದುಕೊಳ್ಳುತ್ತಲೇ ಇರುತ್ತದೆ. ಮಗುಚಿದಾಗ ಮಾತ್ರ ಒಮ್ಮೆಗೇ ಸುರಿಯುತ್ತದೆ.

ಹಾಗಂತ ಕಂಡ ಮಳೆಗೆಲ್ಲ ಹವಾಮಾನ ಬದಲಾವಣೆ ಅಂತ ಸುಮ್ನೆ ಹೆಸರಿಡುವುದು ನನಗೆ ಹಿಡಿಸಲ್ಲ. ಆ ಬೇಸಿಗೆಯಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವುದು, ಅದರ ಪಾಲೂ ಇತ್ತು, ಕಾಂಕ್ರೀಟಿನ ಪಾಲೂ ಇತ್ತು. ರಾಜಕಾಲುವೆ ಮೇಲೆ ಮನೆ ಕಟ್ಟಿದ್ದಕ್ಕೆ ಮೋಡ ಏನು ಮಾಡೀತು? ನಾವು ಹೇಳಬಹುದಾದದ್ದು ಇಂಥದ್ದು ಎಷ್ಟು ಸಲ ಬರುತ್ತದೆ ಅನ್ನುವುದನ್ನು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ, ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಬಿಸಿಲು ಈಗ ಅದೇ ಹತ್ತು ವರ್ಷದಲ್ಲಿ 2.8 ಸಲ ಬರುತ್ತದೆ, ಅಂಥ ಭಾರಿ ಮಳೆ 1.3 ಸಲ. ಇದು ಇಡೀ ಜಗತ್ತಿನ ನೆಲದ ಲೆಕ್ಕ, ನಿಮ್ಮ ಹೋಬಳಿಯದಲ್ಲ. 2.8 ಎಲ್ಲಿ, 1.3 ಎಲ್ಲಿ! ಬಿಸಿಲಿನ ಬಗ್ಗೆ ಗಟ್ಟಿಯಾಗಿ ಹೇಳುವ ನಾವು ಮಳೆ ವಿಷಯಕ್ಕೆ ಬಂದರೆ ಸ್ವಲ್ಪ ತಡವರಿಸುವುದು ಇದಕ್ಕೇ.

ಈಗ ಆ ಫೋನು ಬಂದರೆ ಮೊತ್ತವನ್ನು ಕೊನೆಗೆ ಹೇಳುತ್ತೇನೆ. ಮೊದಲು 2.5 ಮಿಲಿಮೀಟರ್ ಮುಟ್ಟಿದ ದಿನ ಎಷ್ಟು ಅಂತ ಎಣಿಸುತ್ತೇನೆ, ಅದಕ್ಕಿಂತ ಕಡಿಮೆ ಬಿದ್ದರೆ ಅದು ನಮ್ಮ ಲೆಕ್ಕದಲ್ಲಿ ಮಳೆ ದಿನವೇ ಅಲ್ಲ. ಆಮೇಲೆ ನಡುವೆ ಎಷ್ಟು ದಿನ ಬಿಡುವು ಕೊಟ್ಟಿತು ಅಂತ ನೋಡುತ್ತೇನೆ. ಪೇಟೆಯವರು ಕೇಳುವುದು ಬೇರೆ: ಒಂದು ಗಂಟೆಯಲ್ಲಿ ಎಷ್ಟು ಬಿತ್ತು? ಬೆಳಗ್ಗೆ 8:30ಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ನೋಡಿದರೆ ಅದು ಗೊತ್ತಾಗಲ್ಲ. ಇಡೀ ರಾತ್ರಿ ಜಿಟಿಜಿಟಿ ಹಿಡಿದ ಮಳೆಯೂ ಮುಕ್ಕಾಲು ಗಂಟೆಯಲ್ಲಿ ರಾಚಿ ಹೋದ ಮಳೆಯೂ ಆ ಗಾಜಿನಲ್ಲಿ ಒಂದೇ ಗೆರೆಗೆ ನಿಂತಿರುತ್ತವೆ.