ಮಂಡಿ ನೋವಿಗೆ ಮದ್ದು ತೊಡೆಯಲ್ಲಿದೆ

ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಸೆನ್ಸರ್ ಇರುವ ಕೃತಕ ಮಂಡಿಯೊಂದನ್ನು ತಯಾರಿಸಿದ್ದರು. ಮಂಡಿ ಬದಲಿಸುವ ಆಪರೇಷನ್‌ಗೆ ಬಂದ ಐದು ಜನರಿಗೆ ಅದನ್ನೇ ಕೂರಿಸಿದರು. ಅವರು ನಡೆಯುವಾಗ, ಮೆಟ್ಟಿಲು ಹತ್ತಿ ಇಳಿಯುವಾಗ ಮಂಡಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಒಳಗಿನಿಂದಲೇ ಅಳೆದರು. ಆ ಲೆಕ್ಕ 2010ರಲ್ಲಿ ಪ್ರಕಟವಾಯಿತು. ಸಮನೆಲದಲ್ಲಿ ನಡೆದರೆ ಮೈತೂಕದ ಸುಮಾರು 2.6 ಪಟ್ಟು. ಮೆಟ್ಟಿಲು ಹತ್ತಿದರೆ 3.2 ಪಟ್ಟು. ಇಳಿದರೆ ಹೆಚ್ಚುಕಡಿಮೆ 3.5 ಪಟ್ಟು! ಅಂದರೆ 60 ಕೆಜಿ ತೂಗುವವರು ಮಹಡಿಯಿಂದ ಇಳಿಯುವಾಗ ಒಂದು ಮಂಡಿ ಹೆಜ್ಜೆಹೆಜ್ಜೆಗೂ 200 ಕೆಜಿಗಿಂತ ಜಾಸ್ತಿ ಹೊರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಕಾಲು ಗಡಗಡ ನಡುಗುವುದು ಸುಮ್ನೆ ಅಲ್ಲ. ಮಂಡಿ ನೋವಿರುವವರು ಬೆಟ್ಟ ಹತ್ತಿ, ವಾಪಸ್ ಬಸ್ಸಲ್ಲಿ ಬಂದರೆ ಪುಣ್ಯವೇನೂ ಕಡಿಮೆಯಾಗುವುದಿಲ್ಲ.

ಮೈತೂಕಕ್ಕಿಂತ ಇಷ್ಟು ಜಾಸ್ತಿ ಭಾರ ಎಲ್ಲಿಂದ ಬಂತು? ದೊಡ್ಡ ಪಾಲು ಸ್ನಾಯುಗಳ ಎಳೆತದ್ದು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳಿವೆ. ಅವು ಕೆಳಗೆ ಒಂದಾಗಿ, ಮಂಡಿಚಿಪ್ಪಿನ ಮೇಲಿಂದ ಹಾದು, ಕಾಲಿನ ದಪ್ಪ ಮೂಳೆಗೆ ಅಂಟಿಕೊಂಡಿವೆ. ಚಿಪ್ಪು ಇಲ್ಲಿ ಬಾವಿಯ ರಾಟೆಯ ಹಾಗೆ. ಪಾದ ನೆಲ ಮುಟ್ಟಿದಾಗ ಮಂಡಿ ಸ್ವಲ್ಪ ಮಡಚುತ್ತದೆ, ಆಗ ಅದು ಕುಸಿಯದಂತೆ ಹಿಡಿದುಕೊಳ್ಳುವುದು ಈ ನಾಲ್ಕು ಸ್ನಾಯುಗಳು. ಅವುಗಳಲ್ಲಿ ಬಲವಿಲ್ಲದಿದ್ದರೆ ಹೆಜ್ಜೆ ಧಪ್ ಅಂತ ಬೀಳುತ್ತದೆ, ಆ ಪೆಟ್ಟು ನೇರ ಕೀಲಿಗೆ ಹೋಗುತ್ತದೆ.

ವಿಚಿತ್ರ ಏನೆಂದರೆ, ಮಂಡಿ ಊದಿದಾಗಲೇ ಈ ಸ್ನಾಯುಗಳು ಕೈಕೊಡುತ್ತವೆ. ಆರೋಗ್ಯವಾಗಿರುವ ಮಂಡಿಯೊಳಗೆ ಇರುವುದು ಕೆಲವೇ ಮಿಲಿಲೀಟರ್ ದ್ರವ. ಯಾವ ತೊಂದರೆಯೂ ಇಲ್ಲದವರ ಮಂಡಿಗೆ ಉಪ್ಪುನೀರಿನ ದ್ರಾವಣ ತುಂಬಿಸಿ ಪ್ರಯೋಗ ಮಾಡಿದ್ದಾರೆ. 20ರಿಂದ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು ಒಳಗೆ ಹೋದರೆ ಸಾಕು, ತೊಡೆಯ ಒಳಬದಿಯ ಸ್ನಾಯು ಮಂಕಾಗುತ್ತದೆ. ನೋವೇ ಇಲ್ಲದಿದ್ದರೂ ಹೀಗಾಗುತ್ತದೆ. ಕೀಲು ಬಿಗಿದಿದೆ ಅನ್ನುವ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಸ್ನಾಯುವಿಗೆ ಸುಮ್ಮನಿರು ಅನ್ನುವ ಆದೇಶ ಬರುತ್ತದೆ. ‘ಕಾಲಲ್ಲಿ ಶಕ್ತಿಯೇ ಇಲ್ಲ ಕಣಮ್ಮ’ ಅಂತ ಅಜ್ಜಿ ಹೇಳಿದರೆ ಅದು ನೆಪವಲ್ಲ. ಆದರೆ ಅದೇ ಕಾರಣಕ್ಕೆ ತಿಂಗಳುಗಟ್ಟಲೆ ಕೂತುಬಿಟ್ಟರೆ ಸ್ನಾಯು ಸೊರಗುತ್ತದೆ, ನಡಿಗೆ ಕೆಡುತ್ತದೆ, ನೋವು ಏರುತ್ತದೆ, ಇನ್ನಷ್ಟು ಕೂರಬೇಕು ಅನ್ನಿಸುತ್ತದೆ. ಊತ ಬಂದಾಗ ಎರಡು ದಿನ ಕಾಲಿಗೆ ಬಿಡುವು ಕೊಡುವುದು ಬೇರೆ, ‘ಸವೆದಿದೆ, ನಡೀಬೇಡಿ’ ಅಂತ ಮೂಲೆಗೆ ಕೂರಿಸುವುದೇ ಬೇರೆ. ಎರಡನೆಯದು ಪ್ರೀತಿಯಿಂದ ಮಾಡುವ ಅನ್ಯಾಯ ಅಂತಲೇ ನನಗನ್ನಿಸುತ್ತದೆ.

ಕಾರ್ಟಿಲೇಜಿನ ಕತೆಯೂ ಇದಕ್ಕೇ ಪೂರಕ. ಮೂಳೆಯ ತುದಿಗಿರುವ ಈ ನುಣುಪು ಪದರಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಹಾರ ಕೀಲಿನ ದ್ರವದಿಂದಲೇ ಬರಬೇಕು. ಭಾರ ಬಿದ್ದು ಬಿಟ್ಟು ಆಗುತ್ತಿದ್ದರೆ ಆ ದ್ರವ ಚೆನ್ನಾಗಿ ಓಡಾಡುತ್ತದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಅಥವಾ ಮಂಡಿಯ ಸವೆತ ಕಂಡಿದ್ದು 3.5% ಜನರಲ್ಲಿ, ಓಡದೆ ಕೂತವರಲ್ಲಿ 10.2%. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ 13.3%. ಮಂಡಿ ಚೆನ್ನಾಗಿರುವವರೇ ಓಡುತ್ತಾರೆ ಅನ್ನುವ ತಕರಾರು ಇದ್ದೇ ಇದೆ. ಆದರೂ ಓಡಾಡಿದರೆ ಮಂಡಿ ತೇಯುತ್ತದೆ ಅನ್ನುವ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ವಾ?

ವಯಸ್ಸಾಯಿತು, ಇನ್ನೆಲ್ಲಿ ಸ್ನಾಯು ಬೆಳೆಯುತ್ತದೆ ಅನ್ನುವವರಿಗೆ ಬಾಸ್ಟನ್‌ನ ಒಂದು ಪ್ರಯೋಗ ಹೇಳಬೇಕು. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಹತ್ತು ಜನರನ್ನು ಆರಿಸಿಕೊಂಡರು. ಎಲ್ಲರೂ 86ರಿಂದ 96 ವಯಸ್ಸಿನವರು. ಅವರಿಂದ ತೊಡೆಯ ಮುಂಭಾಗದ ಸ್ನಾಯುಗಳಿಗೆ ನಿಜವಾದ ತೂಕದ ವ್ಯಾಯಾಮ ಮಾಡಿಸಿದರು. ಎಂಟು ವಾರ ಮುಗಿಸಿದ ಒಂಬತ್ತು ಜನರಲ್ಲಿ ಬಲ ಸರಾಸರಿ 174% ಏರಿತು. ಮೊದಲಿದ್ದದ್ದರ ಎರಡೂವರೆ ಪಟ್ಟಿಗೂ ಹೆಚ್ಚು!

ಮನೆಯಲ್ಲಿ ಶುರುಮಾಡಲು ಯಂತ್ರ ಬೇಕಿಲ್ಲ, ಗಟ್ಟಿ ಕುರ್ಚಿ ಸಾಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಮರದ್ದನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಬಂದು ಕೂತು, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮುಂದೆ ಬಾಗಿ, ಕೈ ಊರದೆ ಏಳಿ. ಕೂರುವಾಗ ಧೊಪ್ಪನೆ ಬೀಳಬೇಡಿ. ಮನಸ್ಸಲ್ಲಿ ನಾಲ್ಕು ಎಣಿಸುವಷ್ಟು ನಿಧಾನಕ್ಕೆ ಇಳಿಯಿರಿ. ಅಸಲಿ ಕಸರತ್ತು ಇರುವುದು ಈ ಇಳಿಯುವುದರಲ್ಲೇ. ಆಗದಿದ್ದರೆ ಕುರ್ಚಿಯ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಎಂಟು ಹತ್ತು ಸಲ ಮಾಡಿ, ಸುಧಾರಿಸಿಕೊಂಡು ಮತ್ತೊಂದು ಸುತ್ತು. ವಾರಕ್ಕೆ ಮೂರು ದಿನ. ಸಲೀಸಾದ ಮೇಲೆ ದಿಂಬು ತೆಗೆಯಿರಿ, ಆಮೇಲೆ ಎರಡು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿಕೊಳ್ಳಿ. ಕಷ್ಟ ಜಾಸ್ತಿ ಮಾಡುತ್ತಾ ಹೋಗದಿದ್ದರೆ ಬಲವೂ ಜಾಸ್ತಿಯಾಗುವುದಿಲ್ಲ.

ಮಾಡುವಾಗ ನೋವಾದರೆ? ಡೆನ್ಮಾರ್ಕ್‌ನಲ್ಲಿ 2013ರಿಂದ ನಡೆಯುತ್ತಿರುವ ಗ್ಲಾಡ್ ಎಂಬ ಕಾರ್ಯಕ್ರಮ ಇದಕ್ಕೊಂದು ಅಳತೆ ಇಟ್ಟುಕೊಂಡಿದೆ. ಹತ್ತಕ್ಕೆ ಐದರೊಳಗಿನ ನೋವು ನಡೆಯುತ್ತದೆ, ಮರುದಿನದ ಹೊತ್ತಿಗೆ ಅದು ಮಾಮೂಲಿಗೆ ಬಂದಿರಬೇಕು. ಬಾರದಿದ್ದರೆ ಮುಂದಿನ ಸಲ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮೈತೂಕ ಜಾಸ್ತಿಯಿರುವವರಿಗೆ ಇನ್ನೊಂದು ಲಾಭದ ಲೆಕ್ಕವಿದೆ: ಒಂದು ಕೆಜಿ ಇಳಿಸಿದರೆ ಹೆಜ್ಜೆಗೆ ಸುಮಾರು ನಾಲ್ಕು ಕೆಜಿ ಹೊರೆ ಇಳಿಯುತ್ತದೆ.

ಇದರಿಂದ ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಅಂದುಕೊಳ್ಳಬೇಡಿ. ನೋವೂ ಎಲ್ಲರಿಗೂ ಒಂದೇ ಸಮ ಇಳಿಯುವುದಿಲ್ಲ. ಹಾಗಂತ ಸ್ಕ್ಯಾನ್ ರಿಪೋರ್ಟ್ ನೋಡಿ ಹೆದರುವುದೂ ಬೇಡ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಎಂಆರ್‌ಐ ಮಾಡಿ ನೋಡಿದಾಗ, ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೆನಿಸ್ಕಸ್ ಹರಿದಿದ್ದವರಲ್ಲಿ 61% ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ಆದರೆ ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲು ಊರಲಾಗದಿದ್ದರೆ, ಮಡಚಿದ ಮಂಡಿ ಸಿಕ್ಕಿಕೊಂಡು ಬಿಚ್ಚದಿದ್ದರೆ ವ್ಯಾಯಾಮ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಬರೀ ಮೆಟ್ಟಿಲಿನದೇ ತೊಂದರೆಯಾದರೆ ಕಂಬಿ ಹಿಡಿದುಕೊಳ್ಳಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು.