ಶಿಬಿರಕ್ಕೆ ಬಂದ ಹುಡುಗರ ಜೊತೆ ಹೇಗಿರಬೇಕು ಅಂತ ನಮಗೆ ಹೇಳಿಕೊಟ್ಟವರು ಯಾರು?

ಮಂಡ್ಯ ಹತ್ತಿರದ ಒಂದು ಹಳ್ಳಿ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರದ ಮೂರನೇ ರಾತ್ರಿ. ಮುದ್ದೆ, ಉಪ್ಸಾರು ಊಟ ಮುಗಿದಿತ್ತು. ಶಾಲೆಯ ಬೆಂಚುಗಳನ್ನು ಗೋಡೆಗೆ ಒತ್ತಿ ಜಮಖಾನ ಹಾಸಿದ್ದೆವು. ಹಳೆ ವಿದ್ಯಾರ್ಥಿ, ಸ್ವಲ್ಪ ಸಹಾಯಕ್ಕಿರಲಿ ಅಂತ ನನ್ನನ್ನು ಕರೆದಿದ್ದರು. ನಲ್ಲಿ ಹತ್ತಿರ ಪಾತ್ರೆ ಉಜ್ಜುತ್ತಿದ್ದಾಗ ಪಿಯುಸಿ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಸುಮ್ನೆ ಬೂದಿ ಕಲಸುತ್ತಿದ್ದ. ಆಮೇಲೆ, "ಅಣ್ಣಾ, ಒಂದ್ ವಿಷ್ಯ ಹೇಳ್ತೀನಿ, ಯಾರ್‌ಗೂ ಹೇಳ್ಬಾರ್ದು" ಅಂದ.

"ಯಾರಿಗೂ ಹೇಳಲ್ಲ, ಹೇಳಪ್ಪ" ಅಂದೆ.

ಅವನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಮಾತ್ರ ಹೇಳಬಹುದು. ಎದ್ದು ಟಾರ್ಚ್ ಬೆಳಕಿನಲ್ಲಿ ತರಬೇತಿಯಲ್ಲಿ ಕೊಟ್ಟಿದ್ದ ಫೈಲ್ ತೆಗೆದು ನೋಡಿದೆ. ಧ್ವಜ ಹಾರಿಸುವ ಕ್ರಮ ಇತ್ತು, ಹಾಡುಗಳ ಹಾಳೆ ಇತ್ತು, ಏಳು ದಿನದ ವೇಳಾಪಟ್ಟಿ ಇತ್ತು, ತರಕಾರಿ ಬಿಲ್ಲು ಅಂಟಿಸುವ ವೋಚರ್ ಕೂಡ ಇತ್ತು. ಹದಿನೇಳು ವರ್ಷದ ಹುಡುಗ ರಾತ್ರಿ ಹತ್ತು ಗಂಟೆಗೆ ಬಂದು ಹೀಗೆ ಹೇಳಿದರೆ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಆ ತರಬೇತಿಯೂ ಅಷ್ಟಕ್ಕಷ್ಟೇ ಬಿಡಿ. ಅರ್ಧ ದಿನ, ಅದರಲ್ಲಿ ಒಂದು ಗಂಟೆ ಶಾಲು ಹಾರಕ್ಕೇ ಹೋಗಿತ್ತು. ಕೊನೆಯಲ್ಲಿ ಗ್ರೂಪ್ ಫೋಟೊ, ಸರ್ಟಿಫಿಕೇಟು, ವೆಜಿಟೆಬಲ್ ಪಲಾವು.

ಆಮೇಲೆ ವರ್ಷಗಟ್ಟಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಡೆ ಸ್ವಯಂಸೇವಕರಿಗೇನೂ ಬರ ಇಲ್ಲ. ತರಬೇತಿಗೂ ಬರ ಇಲ್ಲ. ಆದರೆ ಈ ತರಬೇತಿಗಳಲ್ಲಿ ಕಲಿಸಿದ್ದು ಏನನ್ನು? ಹಿಂದಕ್ಕೆ ಹೋಗಿ ನೋಡಿದರೆ ಕಥೆ ನೂರು ವರ್ಷಕ್ಕೂ ಹಳೆಯದು.

ಸ್ಕೌಟ್‌ನಿಂದ ಶುರು ಮಾಡೋಣ. ಇಂಡಿಯಾದಲ್ಲಿ ಸ್ಕೌಟ್ ಮೊದಲು ಕಾಲಿಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಅನ್ನುವವರ ಕೈಯಲ್ಲಿ. ಆಗ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಹುಡುಗರನ್ನು ಸೇರಿಸಿಕೊಳ್ಳಲ್ಲ ಅಂದಾಗ ಮದರಾಸಿನಲ್ಲಿ ಆನಿ ಬೆಸೆಂಟ್ ಬೇರೆಯದೇ ಸಂಘ ಕಟ್ಟಿದರು. ಈ ಜಗಳವೆಲ್ಲ ಮುಗಿದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಅಂತ ಒಂದಾಗಿದ್ದು 1950ರ ನವೆಂಬರ್ 7ಕ್ಕೆ.

ಸ್ಕೌಟ್‌ನವರಿಗೆ ಒಂದು ವಿಷಯ ಬೇಗ ಗೊತ್ತಾಯಿತು. ಹುಡುಗರಿಗೆ ಕಲಿಸುವುದು ಬೇರೆ, ಹುಡುಗರನ್ನು ನಡೆಸುವ ದೊಡ್ಡವರಿಗೆ ಕಲಿಸುವುದು ಬೇರೆ. ಸ್ಕೌಟ್ ಹುಟ್ಟುಹಾಕಿದ ಬೇಡನ್ ಪೊವೆಲ್ 1919ರಲ್ಲೇ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ಮಾಸ್ಟರುಗಳಿಗೆ ಅಂತಲೇ ಕೋರ್ಸ್ ಶುರು ಮಾಡಿದ. ಮುಗಿಸಿದವರಿಗೆ ಚರ್ಮದ ದಾರದಲ್ಲಿ ಎರಡು ಮರದ ಮಣಿ. ಅದಕ್ಕೇ ವುಡ್ ಬ್ಯಾಡ್ಜ್ ಅನ್ನುವ ಹೆಸರು. ನಮ್ಮಲ್ಲಿ ಅದು ಹಿಮಾಲಯ ವುಡ್ ಬ್ಯಾಡ್ಜ್ ಆಯಿತು. ಮೊದಲು ಬೇಸಿಕ್, ಆಮೇಲೆ ಅಡ್ವಾನ್ಸ್, ಕೊನೆಗೆ ಮಣಿ. ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರ, ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರ, ಕೊಂಡಜ್ಜಿ. ಮೈಸೂರಿನ ಹಳೇ ಮೇಷ್ಟ್ರುಗಳ ಮನೆಯಲ್ಲಿ ಆ ಮಣಿ ಇನ್ನೂ ಷೋಕೇಸಿನಲ್ಲಿ ಇರುತ್ತದೆ, ಕೇಳಿದರೆ ಕತ್ತಿಗೆ ಹಾಕಿಕೊಂಡು ತೋರಿಸುತ್ತಾರೆ. ಇಡೀ ಕಥೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ವ್ಯವಸ್ಥೆ ಇಟ್ಟುಕೊಂಡು ಅದನ್ನು ಉಳಿಸಿಕೊಂಡವರು ಅಂದರೆ ಇವರೇ. ಆದರೆ ಅದು ಶಾಲೆಯ ಮೇಷ್ಟ್ರು, ಮೇಡಂಗಳ ದಾರಿ. ಊರಿನಲ್ಲಿ ಸುಮ್ನೆ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಏನಾದರೂ ಮಾಡೋಣ ಅನ್ನುವವನಿಗೆ ಆ ಬಾಗಿಲು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ದಾರಿ ಹುಬ್ಬಳ್ಳಿಯಿಂದ ಬಂತು. ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕರ ಪಡೆ ನಿಂತಿದ್ದು ಇವರಿಂದ. ಕವಾಯತು, ಧ್ವಜವಂದನೆ, ಜನ ಸೇರಿದ ಕಡೆ ಸಾಲು ನಿಲ್ಲಿಸುವುದು, ಶಿಬಿರದ ಅಡುಗೆ ಎಲ್ಲಕ್ಕೂ ಶಿಸ್ತು. ಆ ಗಾಳಿ ನಮ್ಮ ಕಡೆಗೂ ಬೀಸಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತಲ್ಲ, ಅಷ್ಟು ಸಾವಿರ ಜನಕ್ಕೆ ಊಟ, ನೀರು, ಚಪ್ಪರ ಎಲ್ಲ ನೋಡಿಕೊಂಡವರೂ ಸ್ವಯಂಸೇವಕರೇ ತಾನೆ. ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಹರ್ಡೀಕರ್ ಗರಡಿಯಿಂದ ಬಂದವರು. ಆಮೇಲೆ ಚಂಬಲ್ ಕಡೆ ಹೋದರು, 1970ರಲ್ಲಿ ರಾಷ್ಟ್ರೀಯ ಯುವ ಯೋಜನೆ ಶುರು ಮಾಡಿದರು, ಖಾಕಿ ಚಡ್ಡಿ ಹಾಕಿಕೊಂಡು ದೇಶದ ತುಂಬಾ ಯುವ ಶಿಬಿರ ನಡೆಸಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದೇ ಕೆಲಸ. ಎಲ್ಲರೂ ಅವರನ್ನು ಭಾಯಿಜಿ ಅನ್ನುತ್ತಿದ್ದರು. ಅವರ ಶಿಬಿರದಲ್ಲಿ ಪಳಗಿದವರು ನಮ್ಮಲ್ಲೂ ಇದ್ದಾರೆ. ಕಲಿತಿದ್ದು ಹೇಗೆ ಅಂತ ಕೇಳಿದರೆ "ಭಾಯಿಜಿ ಜೊತೆ ಇದ್ದು ನೋಡಿ ಕಲಿತೆವು" ಅನ್ನುತ್ತಾರೆ. ನೋಡಿ ಕಲಿಯುವುದು ಒಳ್ಳೆಯದೇ. ಆದರೆ ಹತ್ತಿರ ಇದ್ದವರಿಗೆ ಮಾತ್ರ ಅದು ಸಿಗುತ್ತದೆ.

ಈಗ ಮೈಸೂರಿಗೆ ಬರೋಣ. ನನಗೆ ಜಾಸ್ತಿ ಇಷ್ಟವಾದ ಭಾಗ ಇದು, ತೀರಾ ಕಡಿಮೆ ಜನಕ್ಕೆ ನೆನಪಿರುವುದೂ ಇದೇ. 1940ರ ದಶಕದ ಶುರುವಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಹುಡುಗರು, ಮೇಷ್ಟ್ರುಗಳು ಸೇರಿ ಓದು ಬರಹ ಬಾರದವರಿಗೆ ಕಲಿಸಲು ಹೊರಟರು. ಅದೇ ಬೆಳೆದು ವಯಸ್ಕರ ಶಿಕ್ಷಣ ಸಮಿತಿ ಆಯಿತು. ಸಮಿತಿಯವರು ಅಕ್ಷರ ಕಲಿಸಿ ಕೈತೊಳೆದುಕೊಳ್ಳಲಿಲ್ಲ. ಕಲಿತವನು ಮುಂದೆ ಏನು ಓದಬೇಕು ಅಂತ ಯೋಚನೆ ಮಾಡಿ 'ಬೆಳಕು' ವಾರಪತ್ರಿಕೆ, 'ಪುಸ್ತಕ ಪ್ರಪಂಚ' ಮಾಸಪತ್ರಿಕೆ ತಂದರು, ಹಳ್ಳಿಯವರಿಗೆ ಅರ್ಥವಾಗುವ ಚಿಕ್ಕ ಚಿಕ್ಕ ಪುಸ್ತಕ ಮಾಡಿದರು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ಶುರುವಾಯಿತು. ಡೆನ್ಮಾರ್ಕಿನಲ್ಲಿ ರೈತರ ಮಕ್ಕಳಿಗೆ ಇದ್ದ ಜನಪದ ಶಾಲೆಗಳ ಮಾದರಿ ಅದು. ಪರೀಕ್ಷೆ ಪದವಿಯ ಗಲಾಟೆ ಇಲ್ಲ. ಹಳ್ಳಿಯ ಹುಡುಗರು ಬಂದು ಅಲ್ಲೇ ಉಳಿದು, ಬೇಸಾಯ, ಸಹಕಾರ, ಆರೋಗ್ಯ, ಹಾಡು, ನಾಟಕ ಎಲ್ಲ ಕಲಿತು ಊರಿಗೆ ವಾಪಸ್ ಹೋಗಿ ಅಲ್ಲಿ ಮುಂದೆ ನಿಂತು ಕೆಲಸ ಮಾಡಬೇಕು. ಮಂಡ್ಯ ಜಿಲ್ಲೆಯ ಶಿವಾರಗುಡ್ಡದಲ್ಲೂ ಇಂಥದ್ದೇ ಒಂದು ವಿದ್ಯಾಪೀಠ ಬಂತು.

ಸ್ವಲ್ಪ ಯೋಚನೆ ಮಾಡಿ. ಕಬಿನಿ ದಂಡೆಯ ಸಣ್ಣ ಊರು, ಸ್ವಾತಂತ್ರ್ಯ ಬಂದ ವರ್ಷ, ಹಳ್ಳಿಯ ಯುವಕರನ್ನು ಮುಂದಾಳುಗಳನ್ನಾಗಿ ಮಾಡುವುದಕ್ಕೆ ಅಂತ ಕನ್ನಡದಲ್ಲಿ ಪಾಠ, ಕನ್ನಡದಲ್ಲಿ ಪುಸ್ತಕ, ಉಳಿಯಲು ಜಾಗ. ಇವತ್ತು ಇದನ್ನೇ ಯಾರಾದರೂ ಪವರ್ ಪಾಯಿಂಟ್ ಹಾಕಿ ಹೇಳಿದರೆ ಹೊಸ ಐಡಿಯಾ ಅಂತ ಚಪ್ಪಾಳೆ ತಟ್ಟುತ್ತೇವೆ.

ಎನ್ನೆಸ್ಸೆಸ್ ಬಂದಿದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧಿ ಶತಮಾನೋತ್ಸವದ ವರ್ಷ. ಆಗ ಬಳ್ಳಾರಿಯಿಂದ ಗೆದ್ದು ಕೇಂದ್ರದಲ್ಲಿ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳಿಂದ ಶುರು ಮಾಡಿದರು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ಏಳು ದಿನದ ಶಿಬಿರ. ನಮ್ಮ ಹಳ್ಳಿಗಳಲ್ಲಿ ಚರಂಡಿ ತೋಡಿದ, ರಸ್ತೆ ಬದಿ ಗಿಡ ನೆಟ್ಟ, ಬೆಳಗಿನ ಜಾವ ಪ್ರಭಾತ ಫೇರಿ ಹೋದ ಹುಡುಗ ಹುಡುಗಿಯರು ಲಕ್ಷಗಟ್ಟಲೆ. ಯೋಜನಾಧಿಕಾರಿಯಾದ ಲೆಕ್ಚರರ್‌ಗೆ ಓರಿಯೆಂಟೇಶನ್ ಕೋರ್ಸ್ ಉಂಟು, ಅದಕ್ಕೆ ಕೈಪಿಡಿಯೂ ಉಂಟು. ಆದರೆ ಆ ಲೆಕ್ಚರರ್ ಒಬ್ಬರು. ಒಂದು ಘಟಕದಲ್ಲಿ ನೂರು ಮಕ್ಕಳು. ರಾತ್ರಿ ಕೋಣೆಯಲ್ಲಿ ಅವರ ಜೊತೆ ಮಲಗುವುದು, ಜ್ವರ ಬಂದರೆ ಮಾತ್ರೆ ಕೊಡುವುದು, ಎರಡು ಗುಂಪಿನ ಜಗಳ ಬಿಡಿಸುವುದು ನನ್ನಂಥ ಹಳೆ ವಿದ್ಯಾರ್ಥಿಗಳು, ಸೀನಿಯರ್‌ಗಳು. ನಮಗೆ ಯಾವ ಕೋರ್ಸೂ ಇರಲಿಲ್ಲ.

1972ರಲ್ಲಿ ನೆಹರು ಯುವ ಕೇಂದ್ರ ಬಂತು, ಕಾಲೇಜು ಮೆಟ್ಟಿಲು ಹತ್ತದ ಹುಡುಗರಿಗಾಗಿ. ಮೈಸೂರು, ಮಂಡ್ಯದಲ್ಲಿ ಯುವಕ ಸಂಘ, ಯುವತಿ ಮಂಡಲ ಅಂತ ಬೋರ್ಡ್ ಕಾಣಿಸುವ ಹಳ್ಳಿಗಳಲ್ಲಿ ಕೇಳಿ ನೋಡಿ, ಕೇರಂ ಬೋರ್ಡ್, ವಾಲಿಬಾಲ್ ನೆಟ್ ಬಂದಿದ್ದು ಎಲ್ಲಿಂದ ಅಂತ. 18ರಿಂದ 29 ವಯಸ್ಸಿನ ರಾಷ್ಟ್ರೀಯ ಯುವ ಸ್ವಯಂಸೇವಕರನ್ನು ತೆಗೆದುಕೊಂಡು ತರಬೇತಿ ಕೊಡುತ್ತಿದ್ದರು, ಗೌರವಧನವೂ ಇತ್ತು, ಎರಡು ವರ್ಷ. ಸರಿಯಾಗಿ ಕೆಲಸ ಕೈಗೆ ಹತ್ತುವ ಹೊತ್ತಿಗೆ ಎರಡು ವರ್ಷ ಮುಗಿದಿರುತ್ತಿತ್ತು, ಹುಡುಗ ಪೊಲೀಸ್ ಪರೀಕ್ಷೆಗೆ ಓದಲು ಹೋಗಿರುತ್ತಿದ್ದ. 2023ರ ಅಕ್ಟೋಬರ್ 31ಕ್ಕೆ ಕೇಂದ್ರ ಸರ್ಕಾರದ ಮೇರಾ ಯುವ ಭಾರತ್ ಅನ್ನುವ ಯುವಜನ ವೇದಿಕೆ ಬಂದ ಮೇಲೆ ನೋಂದಣಿ ಎಲ್ಲ ಮೊಬೈಲಿನಲ್ಲೇ ಆಗುತ್ತದೆ.

ಸಾಕ್ಷರತಾ ಆಂದೋಲನದ ಕಾಲ ಬೇರೆಯದೇ ಲೆಕ್ಕ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿ, 1990ರಲ್ಲಿ ಕೇರಳದ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಆದ ಮೇಲೆ ಜಿಲ್ಲೆ ಜಿಲ್ಲೆಗೂ ಆ ಹುಮ್ಮಸ್ಸು ಹಬ್ಬಿತು. ಮೇಲೆ ಸಂಪನ್ಮೂಲ ವ್ಯಕ್ತಿ, ನಡುವೆ ಮಾಸ್ಟರ್ ಟ್ರೈನರ್, ಕೆಳಗೆ ಹಳ್ಳಿಯ ಸ್ವಯಂಸೇವಕ. ಹತ್ತನೇ ಕ್ಲಾಸ್ ಓದಿದ ಹುಡುಗಿ ಲಾಟೀನು ಬೆಳಕಿನಲ್ಲಿ ಅಜ್ಜಿಯರಿಗೆ ಸ್ಲೇಟು ಹಿಡಿಸುತ್ತಿದ್ದಳು. ಆ ಹುಡುಗಿಗೆ ತಲುಪುವ ಹೊತ್ತಿಗೆ ತರಬೇತಿ ಮೂರು ಕೈ ದಾಟಿ ಬಂದಿರುತ್ತಿತ್ತು, ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ನೀರಾದ ಹಾಗೆ. ಆದರೂ ಅದರಲ್ಲಿ ಒಂದು ಒಳ್ಳೆಯದಿತ್ತು. ದೊಡ್ಡವರನ್ನು ಮಕ್ಕಳ ಹಾಗೆ ಗದರಿಸಬೇಡಿ, ತಪ್ಪು ಬರೆದರೆ ನಗಬೇಡಿ, ಎರಡು ದಿನ ಬರದಿದ್ದರೆ ಮನೆ ಹತ್ತಿರ ಹೋಗಿ ಕೇಳಿ ಅಂತ ಹೇಳಿಕೊಡುತ್ತಿದ್ದರು. ಜನರ ಜೊತೆ ಹೇಗಿರಬೇಕು ಅನ್ನುವುದೇ ಅಲ್ಲಿ ಪಾಠದ ಭಾಗ. ಆಂದೋಲನ ತಣ್ಣಗಾಯಿತು. ಕೈಪಿಡಿಗಳು ಗಂಟು ಕಟ್ಟಿ ಅಟ್ಟ ಸೇರಿದವು. ಅಂಥ ಒಂದು ಗಂಟನ್ನು ನಾನೇ ಬಿಚ್ಚಿದ್ದೇನೆ. ಗೆದ್ದಲು ಅರ್ಧ ತಿಂದಿತ್ತು, ಉಳಿದ ಅರ್ಧದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದಿದ್ದರು: "ಮಳೆ ಬಂದರೆ ಗುಡಿ ಜಗಲಿ."

ಇಲ್ಲಿಗೆ ನನಗೆ ವಿಷಯ ಸ್ಪಷ್ಟವಾಯಿತು. ಸ್ಕೌಟ್ ಬಿಟ್ಟರೆ ಬಾಕಿ ಎಲ್ಲದರಲ್ಲೂ ತರಬೇತಿ ಬೇರೆ ಯಾವುದೋ ಕೆಲಸದ ಬಾಲ ಹಿಡಿದು ಬಂದಿದೆ. ಸ್ವಾತಂತ್ರ್ಯ, ಅಕ್ಷರ, ಶ್ರಮದಾನ, ಪೋಲಿಯೊ, ಮತದಾನ. ಕೆಲಸ ಮುಗಿದಾಗ ತರಬೇತಿಯೂ ಮುಗಿಯಿತು. ಹುಡುಗರ ಜೊತೆ ಕೂರುವುದೇ ಒಂದು ಕೆಲಸ, ಅದನ್ನೂ ಕಲಿಯಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಹೊರಗೆ ಅನ್ನಿಸಿದ್ದುಂಟು. ಕಾಮನ್‌ವೆಲ್ತ್‌ನವರು ಯುವಜನ ಕೆಲಸಕ್ಕೆ ಅಂತಲೇ ಡಿಪ್ಲೊಮಾ ಮಾಡಿದರು, ಏಷ್ಯಾಕ್ಕೆ ಚಂಡೀಗಢದಲ್ಲಿ ಕೇಂದ್ರವೂ ಇತ್ತು, 2014ರಲ್ಲಿ ಮುಚ್ಚಿತು. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ 1993ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಯುವ ಅಭಿವೃದ್ಧಿ ಸಂಸ್ಥೆ ಇದೆ. ಚೆನ್ನಾಗಿದೆ. ಆದರೆ ಶ್ರೀರಂಗಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ಭಾನುವಾರ ಮಾತ್ರ ಬಿಡುವಾಗುವ ನನ್ನ ಗೆಳೆಯ ಇಂಗ್ಲಿಷಿನಲ್ಲಿ ಪಾಠ ನಡೆಯುವ ಎಂಎ ಮಾಡಲು ಅಲ್ಲಿಗೆ ಹೋಗುತ್ತಾನಾ?

ನಮ್ಮಲ್ಲೇ ನಡೆದ ಪ್ರಯತ್ನಗಳೂ ಇವೆ, ಹೇಳದಿದ್ದರೆ ತಪ್ಪಾಗುತ್ತದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ಡಾ. ಆರ್. ಬಾಲಸುಬ್ರಹ್ಮಣ್ಯಂ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ ಎಚ್.ಡಿ. ಕೋಟೆ ಕಾಡಂಚಿಗೆ ಹೋದರು. ಆಮೇಲೆ ಮೈಸೂರಿನಲ್ಲೇ ನಾಯಕತ್ವ ತರಬೇತಿಯನ್ನೂ ಶುರು ಮಾಡಿದರು. ಇನ್ನೊಂದು 'ಯುವ ಸ್ಪಂದನ', ರಾಜ್ಯದ ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವುದು. ಯುವ ಪರಿವರ್ತಕರು ಅಂತ ಊರಿನ ಹುಡುಗ ಹುಡುಗಿಯರನ್ನೇ ತೆಗೆದುಕೊಂಡು, ಓದಿನ ಒತ್ತಡ, ಪ್ರೀತಿ, ಕುಡಿತ, ಮನೆ ಜಗಳದ ಬಗ್ಗೆ ಓರಗೆಯವರ ಮಾತು ಕೇಳಿಸಿಕೊಳ್ಳುವುದು ಹೇಗೆ, ಯಾವಾಗ ಆಪ್ತ ಸಮಾಲೋಚಕರ ಹತ್ತಿರ ಕಳಿಸಬೇಕು ಅಂತ ಕಲಿಸುತ್ತಾರೆ. ಅದೂ ಕನ್ನಡದಲ್ಲಿ. ಕೇಂದ್ರ ಇರುವುದು ಜಿಲ್ಲಾ ಕ್ರೀಡಾಂಗಣದಲ್ಲಿ, ಓಡಲು ಬರುವವರು ದಿನಾ ಅದರ ಮುಂದೆಯೇ ಹಾದು ಹೋಗುತ್ತಾರೆ. ಆ ರಾತ್ರಿ ಪಾತ್ರೆ ಉಜ್ಜುತ್ತಿದ್ದ ನನಗೆ ಬೇಕಾಗಿದ್ದುದು ಇದೇ.

ಯಾಕಂದರೆ ನಾನು ಮಾಡಿದ್ದು ತಪ್ಪು. ಕೇಳುವ ಮೊದಲೇ ಮಾತು ಕೊಟ್ಟುಬಿಟ್ಟಿದ್ದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದ ಮೇಲೆ ಸುಮ್ಮನಿರುವ ಹಾಗಿಲ್ಲ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ನನಗೆ ಬಂದ ವಿಷಯ ಅದಾಗಿತ್ತೋ ಬೇರೆಯೋ ಬಿಡಿ, ಆದರೆ ಪಿಯುಸಿ ಮಕ್ಕಳ ಜೊತೆ ಏಳು ರಾತ್ರಿ ಕಳೆಯುವ ಸ್ವಯಂಸೇವಕನಿಗೆ ಈ ಒಂದು ವಿಷಯ, 1098 ಅನ್ನುವ ಮಕ್ಕಳ ಸಹಾಯವಾಣಿಯ ಒಂದು ನಂಬರ್ ಹೇಳಿಕೊಡಲು ಹತ್ತು ನಿಮಿಷ ಸಾಕಿತ್ತು. ಶಾಲು ಹಾರದ ಒಂದು ಗಂಟೆಯಲ್ಲಿ ಆರು ಸಲ ಹೇಳಬಹುದಿತ್ತು.

ಈಗ ನಾವು ಎಂಟು ಹತ್ತು ಜನ, ಮೈಸೂರು ಮಂಡ್ಯ ನಡುವೆ ಓಡಾಡುವವರು, ಒಂದು ಇನ್ನೂರು ಪುಟದ ರೂಲ್ ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಶಿಬಿರಕ್ಕೆ ಯಾರು ಹೋದರೂ ಅದು ಅವರ ಬ್ಯಾಗಿನಲ್ಲಿ ಹೋಗುತ್ತದೆ, ವಾಪಸ್ ಬರುವಾಗ ಏನಾದರೂ ಸೇರಿರಬೇಕು. ಮೊದಲ ಪುಟದಲ್ಲಿ ನಾನು ಬರೆದಿದ್ದೇನೆ: "ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ನಿನಗೆ ಒಳ್ಳೆಯದಾಗುವವರಿಗೆ ಮಾತ್ರ ಹೇಳ್ತೀನಿ, ಅದನ್ನೂ ನಿನಗೆ ಹೇಳಿಯೇ ಹೇಳ್ತೀನಿ ಅನ್ನಿ." ಆಮೇಲೆ ಬೇರೆ ಬೇರೆ ಕೈಬರಹ. ಊಟ ಮಾಡದ ಹುಡುಗನನ್ನು ಎಲ್ಲರ ಮುಂದೆ ಕೇಳಬೇಡಿ. ಒಂದೇ ಕಾಲೇಜಿನವರನ್ನು ಒಂದೇ ಗುಂಪಿಗೆ ಹಾಕಬೇಡಿ. ಕಳೆದ ಶಿಬಿರದಿಂದ ಬಂದ ಹುಡುಗಿ ಕೊನೆಯಲ್ಲಿ ಬರೆದಿರುವುದು: "ಇನ್ನೊಂದು ಟಾರ್ಚ್ ತನ್ನಿ. ಹುಡುಗಿಯರ ಬಾತ್‌ರೂಮ್ ದೂರ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ, ನೀರು ಕುಡಿಯೋದನ್ನೇ ನಿಲ್ಲಿಸ್ತಾರೆ."