ಹದಿಮೂರು ಪಿನ್, ಒಂದೇ ಜಗ್ಗು

ಗಿಟಾರ್ ಕೇಬಲ್ ರಿಪೇರಿಗೆ ತರುವವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಅಲ್ಲಾಡಿಸಿದ್ರೆ ಬರುತ್ತೆ, ಬಿಟ್ರೆ ಹೋಗುತ್ತೆ." ಮಾಮೂಲಿ ಕೇಬಲ್ ಆದರೆ ಹತ್ತು ನಿಮಿಷದ ಕೆಲಸ. ಆದರೆ ಒಮ್ಮೆ ಒಬ್ಬರು ತಂದದ್ದು ಗಿಟಾರ್ ಸಿಂಥಸೈಜರಿಗೆ, ಅಂದರೆ ಗಿಟಾರ್ ನುಡಿಸಿ ಬೇರೆ ವಾದ್ಯಗಳ ದನಿ ಹೊರಡಿಸುವ ಯಂತ್ರಕ್ಕೆ, ಹಾಕುವ 13 ಪಿನ್ನಿನ ಕೇಬಲ್. ಅವರ ದೂರು ಸ್ವಲ್ಪ ವಿಚಿತ್ರವಾಗಿತ್ತು. ಐದು ತಂತಿ ಸರಿಯಾಗಿ ನುಡಿಯುತ್ತವೆ, ನಾಲ್ಕನೇ ತಂತಿ ಮಾತ್ರ ಮಾಯ. ಅದೂ ಕೂತು ನುಡಿಸಿದರೆ ಏನೂ ತೊಂದರೆಯಿಲ್ಲ, ಎದ್ದು ನಿಂತರೆ ಮಾಯ.

ಪ್ಲಗ್ ಬಿಚ್ಚಿ ನೋಡಿದೆ. ವೈರ್‌ಗಳನ್ನು ಪಿನ್ನಿಗೆ ಬೆಸೆಯುವ ಸೋಲ್ಡರ್ ಚೆನ್ನಾಗಿ ಹೊಳೆಯುತ್ತಿತ್ತು. ಲಾಕ್ ಗಟ್ಟಿಯಾಗಿತ್ತು. ಮಸೂರ ಹಿಡಿದು, ಚಿಮಟದಿಂದ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯುತ್ತಾ ಹೋದೆ. ನಾಲ್ಕನೇ ಪಿನ್ನಿನ ಹಳದಿ ವೈರ್ ರಬ್ಬರಿನ ಹಾಗೆ ಹಿಗ್ಗಿತು. ಒಳಗಿನ ತಾಮ್ರ ತುಂಡಾಗಿದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಉಳಿದಿದೆ ಅಂತ ಅರ್ಥ. ತುಂಡಾದ ಜಾಗ ಸೋಲ್ಡರಿನಿಂದ ಬರೀ 3 ಮಿಲಿಮೀಟರ್ ಹಿಂದೆ. ನಿಂತಾಗ ಕೇಬಲಿನ ಭಾರಕ್ಕೆ ಎರಡು ತುದಿ ದೂರವಾಗುತ್ತಿದ್ದವು, ಕೂತಾಗ ಮತ್ತೆ ತಾಗುತ್ತಿದ್ದವು.

ನನ್ನ ಹತ್ತಿರ ಬರುವ ಬಹುಪಿನ್ ಕೇಬಲ್‌ಗಳಲ್ಲಿ ಹೆಚ್ಚಿನವು ಸಾಯುವುದು ಇಲ್ಲೇ, ಪ್ಲಗ್ಗಿನ ಹಿಂದಿನ ಒಂದೆರಡು ಇಂಚಿನಲ್ಲಿ. ಆದರೂ ಹೊಸ ಕೇಬಲ್ ಮಾಡಿಸಲು ಬರುವವರು ಮೊದಲು ಕೇಳುವುದು ಲಾಕ್ ಬಗ್ಗೆ. "ಕಿತ್ತು ಬರಬಾರದು, ಅಂಥ ಲಾಕ್ ಹಾಕಿ." ಹಾಕೋಣ. ಆದರೆ ಯಾರೋ ಕೇಬಲ್ ತುಳಿದಾಗ ಬರುವ ಜಗ್ಗು ಲಾಕ್ ಇದೆ ಅಂತ ಎಲ್ಲೂ ಮಾಯವಾಗುವುದಿಲ್ಲ. ಪ್ಲಗ್ ಬಿಟ್ಟುಕೊಡದಿದ್ದರೆ ಬೇರೆ ಯಾವುದೋ ಬಿಟ್ಟುಕೊಡಬೇಕು. ಅದು ಯಾವುದು ಅಂತ ಕೇಬಲ್ ಮಾಡುವವನು ಮೊದಲೇ ತೀರ್ಮಾನಿಸಿರಬೇಕು.

ಇಷ್ಟು ಪಿನ್ ಯಾಕೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ತಂತಿಯ ಕಂಪನವನ್ನು ಹಿಡಿಯುವ ಮಾಮೂಲಿ ಪಿಕಪ್ ಆರೂ ತಂತಿಯ ದನಿಯನ್ನು ಒಟ್ಟಿಗೆ ಸೇರಿಸಿ ಕಳಿಸುತ್ತದೆ. ಸಿಂಥಸೈಜರಿಗೆ ಅದು ಸಾಲದು. ಯಾವ ತಂತಿ ಯಾವ ಸ್ವರ ನುಡಿಯಿತು ಅಂತ ಬೇರೆ ಬೇರೆಯಾಗಿ ಗೊತ್ತಾಗಬೇಕು. ರೋಲ್ಯಾಂಡ್ ಕಂಪನಿ 1977ರಲ್ಲಿ ತಂದ ಜಿಆರ್-500ರ ಕೇಬಲಿನಲ್ಲಿ 24 ಪಿನ್ ಇದ್ದವು. ಆಮೇಲೆ ಅದು 13ಕ್ಕೆ ಇಳಿದು ಅಲ್ಲೇ ನಿಂತಿತು. 1ರಿಂದ 6 ಆರು ತಂತಿಗಳಿಗೆ. 7 ಗಿಟಾರಿನ ಮಾಮೂಲಿ ದನಿಗೆ. 8 ವಾಲ್ಯೂಮ್ ಗುಂಡಿಗೆ, 10 ಮತ್ತು 11 ಎರಡು ಸ್ವಿಚ್‌ಗಳಿಗೆ. 12ರಲ್ಲಿ ಪ್ಲಸ್ 7 ವೋಲ್ಟ್, 13ರಲ್ಲಿ ಮೈನಸ್ 7 ವೋಲ್ಟ್. 9 ಖಾಲಿ.

ಹಾಗಾದರೆ ಗ್ರೌಂಡ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಎಲ್ಲಿ? ಅದಕ್ಕೆ ಪಿನ್ನೇ ಇಲ್ಲ. ಪ್ಲಗ್ಗಿನ ಲೋಹದ ಹೊರಕವಚವೇ ಗ್ರೌಂಡ್. ಇದು ಗೊತ್ತಿಲ್ಲದೆ 13 ವೈರ್ ಚೆನ್ನಾಗಿ ಸೋಲ್ಡರ್ ಮಾಡಿ, ವೈರ್‌ಗಳ ಸುತ್ತಲಿನ, ಆ ಕವಚಕ್ಕೆ ಸೇರಬೇಕಾದ ಶೀಲ್ಡ್ ಜಾಲರಿಯನ್ನು ಕತ್ತರಿಸಿ ಬಿಸಾಕಿದವರನ್ನು ನೋಡಿದ್ದೇನೆ. ಆಮೇಲೆ ಕೇಬಲ್ ಬರೀ ಗೊರಗೊರ ಅನ್ನುತ್ತದೆ. ಕೆಟ್ಟ ಕೇಬಲ್ ಕೈಗೆ ಬಂದಾಗ ನಾನು ಹಿಡಿಯುವ ಮೊದಲ ಸುಳಿವೂ ಈ ಪಿನ್ ಲೆಕ್ಕವೇ. ಒಂದೇ ತಂತಿ ಹೋದರೆ ಒಂದೇ ವೈರ್ ತುಂಡಾಗಿದೆ. ಎಲ್ಲವೂ ಒಟ್ಟಿಗೆ ಕೆಟ್ಟರೆ ಕವಚದ ಸಂಪರ್ಕ ನೋಡಿ, ಇಲ್ಲಾ 12 ಮತ್ತು 13 ನೋಡಿ.

ಈಗ ಲಾಕ್. ಈ 13 ಪಿನ್ನಿನದು ಡಿನ್ ಅನ್ನುವ ಜಾತಿಯ ಪ್ಲಗ್, ಮೂಲತಃ ಬರೀ ಬಿಗಿತದಿಂದ ನಿಲ್ಲುವಂಥದ್ದು. 13.2 ಮಿಲಿಮೀಟರ್ ಅಗಲದ ಉರುಟು ಕವಚದೊಳಗೆ 13 ಸಣ್ಣ ಕಡ್ಡಿಗಳು. ಟೇಬಲ್ ಮೇಲೆ ಅಲುಗಾಡದೆ ಕೂರುವ ಯಂತ್ರಕ್ಕೆ ಅದು ಸಾಕು, ವೇದಿಕೆಗೆ ಸಾಲದು. ಗಿಟಾರಿಗೆ ಅಂತಲೇ ಮಾಡಿದ ಪ್ಲಗ್ಗಿನಲ್ಲಿ ಒತ್ತಿದರೆ ಬಿಡುವ ಲೋಹದ ಕೊಂಡಿ ಇರುತ್ತದೆ. ಬಿಡಿಯಾಗಿ ಪ್ಲಗ್ ಕೊಳ್ಳುವಾಗ ಆ ಕೊಂಡಿ ಇದೆಯಾ ಅಂತ ಕೈಯಲ್ಲಿ ಹಿಡಿದು ನೋಡಿ. ಚಿತ್ರದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ.

ಅದಕ್ಕಿಂತ ಗಟ್ಟಿ ಬೇಕು ಅನ್ನುವವರಿಗೆ ಎಂ16 ಅಂತ ಒಂದು ಜಾತಿ ಇದೆ. ಸ್ಕ್ರೂ ಉಂಗುರ ತಿರುಗಿಸಿ ಬಿಗಿ ಮಾಡುವುದು. 14 ಪಿನ್ನಿನದೂ ಸಿಗುತ್ತದೆ. ಪಿನ್ ಕಡಿಮೆ ಸಾಕಾಗುವ ವಾದ್ಯಗಳಿಗೆ, ಮೈಕ್ ಕೇಬಲ್‌ಗಳಲ್ಲಿ ಕಾಣುವ ಎಕ್ಸ್‌ಎಲ್‌ಆರ್ ಪ್ಲಗ್ಗನ್ನು ಮೀರಿಸಿದ್ದಿಲ್ಲ. ಅಲೆಂಬಿಕ್ ಕಂಪನಿಯ ಕೆಲವು ಬೇಸ್ ಗಿಟಾರ್‌ಗಳಲ್ಲಿ 5 ಪಿನ್ನಿನ ಎಕ್ಸ್‌ಎಲ್‌ಆರ್ ಇರುತ್ತದೆ, ಕರೆಂಟೂ ದನಿಯೂ ಅದರಲ್ಲೇ ಓಡಾಡುತ್ತವೆ. ಲೆಮೋ ಕಂಪನಿಯ ಥರದ, ತಳ್ಳಿದರೆ ಕೂರುವ, ಉಂಗುರ ಹಿಂದಕ್ಕೆ ಎಳೆದರೆ ಮಾತ್ರ ಬಿಡುವ ಕನೆಕ್ಟರ್ ತುಂಬಾ ಚೆಂದ. ಆದರೆ ಅದರಲ್ಲಿ ವೈರ್ ಕೂರಿಸುವ ಸೋಲ್ಡರ್ ಬಟ್ಟಲು ಸಾಸಿವೆ ಕಾಳಿನಷ್ಟು. ಕಣ್ಣು, ಕೈ ಎರಡೂ ಚೆನ್ನಾಗಿರುವವರಿಗೆ ಮಾತ್ರ.

ಸ್ಕ್ರೂ ಉಂಗುರದ ಮೇಲೆ ನನಗೂ ಒಂದು ಕಾಲದಲ್ಲಿ ಮೋಹ ಇತ್ತು. ಒಬ್ಬರ ಗಿಟಾರಿನ ಸಾಕೆಟ್ಟನ್ನೇ ಬದಲಾಯಿಸಿ, ಉಂಗುರದ ಪ್ಲಗ್ ಹಾಕಿ, ಹೆಮ್ಮೆಯಿಂದ ಕೊಟ್ಟೆ. ಆರು ತಿಂಗಳಿಗೆ ಗಿಟಾರ್ ವಾಪಸ್ ಬಂತು. ಕೇಬಲಿಗೆ ಏನೂ ಆಗಿರಲಿಲ್ಲ. ಲಾಕಿಗೂ ಏನೂ ಆಗಿರಲಿಲ್ಲ. ಯಾರೋ ಕೇಬಲ್ ತುಳಿದಿದ್ದರು, ಸಾಕೆಟ್ ತನ್ನ ಸರ್ಕ್ಯೂಟ್ ಬೋರ್ಡಿನ ತುಂಡಿನ ಸಮೇತ ಕಿತ್ತು ಬಂದಿತ್ತು. ಲಾಕ್ ಇಲ್ಲದಿದ್ದರೆ ಪ್ಲಗ್ ಕಳಚಿ ಒಂದು ಹಾಡು ಕೆಡುತ್ತಿತ್ತು ಅಷ್ಟೇ. ನನ್ನ ಗಟ್ಟಿ ಲಾಕಿನಿಂದ ಗಿಟಾರೇ ಕೆಟ್ಟಿತು.

ಅವತ್ತಿನಿಂದ ಎರಡು ಕೆಲಸ ಬಿಡದೆ ಮಾಡುತ್ತೇನೆ. ಸಾಕೆಟ್ಟನ್ನು ಲೋಹದ ಪಟ್ಟಿಗೆ ನಟ್ ಹಾಕಿ ಕೂರಿಸುತ್ತೇನೆ. ಬೋರ್ಡಿನ ಸೋಲ್ಡರ್ ಮೇಲೆ ಒಂದು ಗ್ರಾಮ್ ಭಾರವೂ ಬೀಳಬಾರದು. ಇನ್ನೊಂದು, ಪ್ಲಗ್ ಇರುವ ತುದಿಯಿಂದ ಒಂದು ಮೊಳ ಹಿಂದೆ ಕೇಬಲಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿ ಕೊಡುತ್ತೇನೆ, ಗಿಟಾರಿನ ಸ್ಟ್ರ್ಯಾಪಿಗೆ ಸುತ್ತಿಕೊಳ್ಳಲು. ಆಗ ಜಗ್ಗು ಬಂದರೆ ಮೊದಲು ಸ್ಟ್ರ್ಯಾಪಿಗೆ, ಅಲ್ಲಿಂದ ನುಡಿಸುವವರ ಹೆಗಲಿಗೆ. ಹೆಗಲು ಮುರಿಯುವುದಿಲ್ಲ, ಬೇಕಾದರೆ ಬೈಯುತ್ತದೆ. ಪಟ್ಟಿಯಿಂದ ಪ್ಲಗ್‌ವರೆಗೆ ಕೇಬಲ್ ಸಡಿಲವಾಗಿ ನೇತಾಡುತ್ತಿರಬೇಕು. ಇಷ್ಟಾದ ಮೇಲೆ ಲಾಕ್ ಮಾಡಬೇಕಾದ ಕೆಲಸ ಬಹಳ ಚಿಕ್ಕದು, ಕುಣಿಯುವಾಗ ಪ್ಲಗ್ ಸ್ವಲ್ಪ ಸ್ವಲ್ಪವೇ ಜಾರದ ಹಾಗೆ ಹಿಡಿದಿಡುವುದು. ಅದಕ್ಕೆ ಒತ್ತುವ ಕೊಂಡಿಯೇ ಸಾಕು. ಉಂಗುರದ ಆಸೆ ನಾನು ಬಿಟ್ಟುಬಿಟ್ಟೆ. ಕತ್ತಲಲ್ಲಿ ಉಂಗುರ ಓರೆಯಾಗಿ ಹತ್ತುವ ಕಾಟವೂ ತಪ್ಪಿತು, ಅವಸರಕ್ಕೆ ಬೇರೆಯವರ ಕೇಬಲ್ ಎರವಲು ಹಾಕಿಕೊಳ್ಳಲೂ ಆಗುತ್ತದೆ.

ಕೇಬಲ್ ಆರಿಸುವಾಗ ಜನ ಮಾಡುವ ತಪ್ಪು ಕಂಪ್ಯೂಟರಿನ ಹಳೆಯ ಡೇಟಾ ಕೇಬಲ್ ತರುವುದು. ಒಳಗೆ ಬೇಕಾದಷ್ಟು ವೈರ್ ಇರುತ್ತವೆ, ಬಣ್ಣ ಬಣ್ಣವಾಗಿರುತ್ತವೆ, ಆಸೆ ಆಗುವುದು ಸಹಜ ಅಲ್ವಾ? ಆದರೆ ಅದು ಮೇಜಿನ ಹಿಂದೆ ಸುಮ್ನೆ ಬಿದ್ದಿರಲು ಮಾಡಿದ ಕೇಬಲ್. ಅದರ ಶೀಲ್ಡ್ ಹೆಚ್ಚಾಗಿ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ. ಮಡಚಿ ಮಡಚಿ ಅದು ಬಿರುಕು ಬಿಡುತ್ತದೆ. ವೇದಿಕೆಗೆ ಬೇಕಾದದ್ದು ತಾಮ್ರದ ಹೆಣೆದ ಜಾಲರಿ. ಪ್ರತಿ ವೈರಿನೊಳಗೂ ಕೂದಲಿನಂಥ ಸಣ್ಣ ಎಳೆಗಳು ಜಾಸ್ತಿ ಇರಬೇಕು. ಏಳು ದಪ್ಪ ಎಳೆಗಳಿಗಿಂತ ಹತ್ತೊಂಬತ್ತು ತೆಳು ಎಳೆಗಳು ಬಹಳ ಕಾಲ ಬಾಗಿ ಏಳುತ್ತವೆ. 9ನೇ ಪಿನ್ ಖಾಲಿ ಇರುವುದರಿಂದ 12 ವೈರ್ ಮತ್ತು ಜಾಲರಿ ಇದ್ದರೆ ಕೆಲಸ ನಡೆಯುತ್ತದೆ. ಉದ್ದ 5 ಮೀಟರ್ ಧಾರಾಳ.

ಕೇಬಲ್ ಎಷ್ಟು ದಪ್ಪ ಅನ್ನುವುದನ್ನು ಪ್ಲಗ್ಗಿನ ಹಿಂಬದಿಯ ಹಿಡಿಕೆ ತೀರ್ಮಾನಿಸಬೇಕು, ಅಂಗಡಿಯಲ್ಲಿ ಸಿಕ್ಕಿದ್ದಲ್ಲ. ಹಿಡಿಕೆ ಕೇಬಲಿನ ಹೊರಚರ್ಮವನ್ನು ಕಚ್ಚಿ ಹಿಡಿಯಬೇಕು. ಕೇಬಲ್ ತೆಳುವಾದರೆ ಟೇಪ್ ಸುತ್ತಿ ದಪ್ಪ ಮಾಡುವವರಿದ್ದಾರೆ. ಬೇಡ, ಟೇಪಿನ ಅಂಟು ಬಿಸಿಗೆ ಕರಗಿ ಜಾರುತ್ತದೆ. ಬಿಸಿ ಮಾಡಿದರೆ ಕುಗ್ಗಿ ಕಚ್ಚಿಕೊಳ್ಳುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯ ತುಂಡು ಹಾಕಿ, ಆರಿದ ಮೇಲೆ ಅದು ಚರ್ಮದ ಭಾಗವೇ ಆಗಿಬಿಡುತ್ತದೆ.

ಸೋಲ್ಡರಿಂಗಿಗೆ ಕೂರುವ ಮುನ್ನ ಪ್ಲಗ್ಗಿನ ಹಿಂದಿನ ಕವಚವನ್ನು ಕೇಬಲಿಗೆ ಪೋಣಿಸಿದ್ದೀರಾ ನೋಡಿ. ನಗಬೇಡಿ. ಹದಿಮೂರೂ ಸೋಲ್ಡರ್ ಮುಗಿಸಿ, ಮೇಜಿನ ಮೇಲೆ ಉಳಿದ ಕವಚವನ್ನು ನೋಡುತ್ತಾ ಕೂತ ರಾತ್ರಿಗಳು ನನ್ನ ಲೆಕ್ಕದಲ್ಲೂ ಇವೆ.

ಪ್ಲಗ್ಗನ್ನು ಒಂದು ಹಳೆಯ ಸಾಕೆಟ್ಟಿಗೆ ಚುಚ್ಚಿಯೇ ಸೋಲ್ಡರ್ ಮಾಡಿ. ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾದರೂ ಸಾಕೆಟ್ ಪಿನ್ನನ್ನು ನೆಟ್ಟಗೆ ಹಿಡಿದಿರುತ್ತದೆ. ಮೊದಲು ನಡುವಿನ ಪಿನ್‌ಗಳು, ಆಮೇಲೆ ಅಂಚಿನವು. ನಾನು ಬಳಸುವುದು 63 ಭಾಗ ತವರ, 37 ಭಾಗ ಸೀಸದ ಸೋಲ್ಡರ್. ಅದು 183 ಡಿಗ್ರಿಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ, ನಡುವೆ ಕೈ ಅಲುಗಿ ಕೆಡಲು ಸಮಯವೇ ಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಅದು ಸೀಸ. ಸೋಲ್ಡರಿಂಗ್ ಐರನ್ 330 ಡಿಗ್ರಿಯ ಆಸುಪಾಸು. ಪಿನ್ನಿನ ಬಟ್ಟಲಿಗೆ ಮೊದಲೇ ಸೋಲ್ಡರ್ ತುಂಬಿಸಿ, ವೈರಿನ ತುದಿ 2 ಮಿಲಿಮೀಟರ್ ಸುಲಿದು, ಒಂದೆರಡು ಸೆಕೆಂಡಿನಲ್ಲಿ ಒಳಗಿಟ್ಟು ಐರನ್ ತೆಗೆಯಬೇಕು.

ಆ ಒಂದೆರಡು ಸೆಕೆಂಡಿನಲ್ಲೇ ಕೇಬಲಿನ ಆಯಸ್ಸು ಇರುವುದು. ಜಾಸ್ತಿ ಹೊತ್ತು ಬಿಸಿ ಕೊಟ್ಟರೆ ಕರಗಿದ ಸೋಲ್ಡರ್ ಬತ್ತಿ ಎಣ್ಣೆ ಹೀರಿದ ಹಾಗೆ ವೈರಿನೊಳಗೆ ಏರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮೆತ್ತಗಿದ್ದ ಎಳೆಗಳೆಲ್ಲ ಒಂದು ಗಟ್ಟಿ ಕಡ್ಡಿ ಆಗಿರುತ್ತವೆ. ಕಡ್ಡಿ ಮುಗಿದು ಎಳೆ ಶುರುವಾಗುವ ಗೆರೆಯಲ್ಲೇ ಪ್ರತಿ ಬಾಗೂ ಬೀಳುತ್ತದೆ, ಒಂದೊಂದೇ ಎಳೆ ತುಂಡಾಗುತ್ತದೆ. ಆ ಹಳದಿ ವೈರಿಗೆ ಆಗಿದ್ದು ಇದೇ. ಅದಕ್ಕೇ ಪ್ರತಿ ಪಿನ್ನಿಗೂ ಸಣ್ಣ ಸ್ಲೀವ್ ಹಾಕುವಾಗ ಅದು ಸೋಲ್ಡರನ್ನೂ ಅದರ ಹಿಂದಿನ ನಾಲ್ಕೈದು ಮಿಲಿಮೀಟರನ್ನೂ ಮುಚ್ಚುವಷ್ಟು ಉದ್ದವಿರಲಿ. ಕವಚದೊಳಗೆ ಒಂದೊಂದು ವೈರೂ ಸ್ವಲ್ಪ ಸಡಿಲವಾಗಿರಲಿ. ಹಿಡಿಕೆ ಜಾರಿದರೆ ಮೊದಲು ಜಾಲರಿ ಬಿಗಿಯಾಗಬೇಕು, ವೈರ್‌ಗಳು ಆಮೇಲೆ.

ಕೆಲವರು ಕವಚದೊಳಗೆ ಎಪಾಕ್ಸಿ ಅಂಟು ಸುರಿದು ಕಲ್ಲು ಮಾಡಿಬಿಡುತ್ತಾರೆ. ಗಟ್ಟಿಯೇನೋ ಹೌದು. ಆದರೆ ಬಾಗುವ ಗೆರೆ ಕಲ್ಲಿನ ಅಂಚಿಗೆ ಸರಿಯುತ್ತದೆ ಅಷ್ಟೇ, ಮತ್ತೆ ಬಿಚ್ಚಿ ರಿಪೇರಿ ಮಾಡಲೂ ಆಗುವುದಿಲ್ಲ. ನಾನು ಮಾಡುವುದಿಲ್ಲ.

ಪಿನ್ ಸಂಖ್ಯೆಯ ವಿಷಯದಲ್ಲಿ ನೆನಪನ್ನು ನಂಬಬೇಡಿ. ಪ್ಲಗ್ಗಿನ ಮುಂದಿನಿಂದ ನೋಡಿದ ಚಿತ್ರ ಹಿಂದಿನಿಂದ ಕನ್ನಡಿಯ ಹಾಗೆ ತಿರುಗುತ್ತದೆ. ಒಮ್ಮೆ ಒಂದು ತುದಿಯನ್ನು ಮುಂದಿನ ಚಿತ್ರ ನೋಡಿ, ಇನ್ನೊಂದನ್ನು ಹಿಂದಿನ ಚಿತ್ರ ನೋಡಿ ಸೋಲ್ಡರ್ ಮಾಡಿಬಿಟ್ಟಿದ್ದೆ. ಎರಡೂ ತುದಿ ನೋಡಲು ಅಂದವಾಗಿದ್ದವು. ಯಂತ್ರಕ್ಕೆ ಹಾಕಿದ್ದರೆ ಪ್ಲಸ್ 7 ವೋಲ್ಟ್ ಎಲ್ಲಿಗೆ ಹೋಗುತ್ತಿತ್ತೋ! ಸಂಪರ್ಕ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ಉಳಿಸಿತು.

ಆದ್ದರಿಂದ ಪರೀಕ್ಷೆ ಮುಗಿಯದ ಕೇಬಲ್ ನನ್ನ ಮೇಜಿನಿಂದ ಏಳುವುದಿಲ್ಲ. ಮೊದಲು 1ರಿಂದ 1ಕ್ಕೆ, 2ರಿಂದ 2ಕ್ಕೆ, ಕವಚದಿಂದ ಕವಚಕ್ಕೆ ಬೀಪ್ ಬರುತ್ತದಾ ಅಂತ ನೋಡುವುದು. ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ಯಾವುದು ಯಾವುದಕ್ಕೆ ತಾಗಬಾರದೋ ಅದು ತಾಗುತ್ತಿಲ್ಲ ಅಂತಲೂ ನೋಡಬೇಕು. 13 ಪಿನ್ ಮತ್ತು ಕವಚ ಸೇರಿದರೆ 91 ಜೋಡಿ. ಬೇಸರದ ಕೆಲಸ, ಆದರೆ 12, 13 ಮತ್ತು ಕವಚ ಇವುಗಳಲ್ಲಿ ಯಾವ ಎರಡು ತಾಗಿದರೂ ಗಿಟಾರಿಗೆ ಹೋಗುವ ಕರೆಂಟು ಶಾರ್ಟ್ ಆಗುತ್ತದೆ. ಕೊನೆಗೆ ಪ್ಲಗ್ಗನ್ನು ಮೇಲೆ ಸಿಕ್ಕಿಸಿ, ಕೇಬಲಿಗೆ ಎರಡು ಕಿಲೋ ಭಾರ ಕಟ್ಟಿ, ಮೀಟರ್ ಹಾಕಿಕೊಂಡೇ ಕೇಬಲನ್ನು ಸುತ್ತಲೂ ಬಾಗಿಸುತ್ತೇನೆ. ಬೀಪ್ ಒಮ್ಮೆ ತಡವರಿಸಿದರೂ ಆ ತುದಿ ಕತ್ತರಿಸಿ ಮತ್ತೆ ಮೊದಲಿಂದ. ಅದಕ್ಕೆ ಅಂತಲೇ ಕೇಬಲನ್ನು ಒಂದು ಗೇಣು ಜಾಸ್ತಿ ಇಟ್ಟುಕೊಂಡಿರುತ್ತೇನೆ.

ಈಚೆಗೆ ಕೆಲವರು ಕೇಳುತ್ತಾರೆ, 13 ಪಿನ್ನಿನ ಕಾಲ ಮುಗಿಯಿತಲ್ಲ, ಇನ್ಯಾಕೆ ಈ ಕೆಲಸ ಅಂತ. ಬಾಸ್ ಕಂಪನಿ 2023ರಲ್ಲಿ ತಂದ ಜಿಕೆ-5 ಪಿಕಪ್ಪು ಆರು ತಂತಿಯ ದನಿಯನ್ನೂ ಡಿಜಿಟಲ್ ಮಾಡಿ, ಮೂರೇ ಸಂಪರ್ಕದ ಕಾಲಿಂಚಿನ ಜ್ಯಾಕ್ ಕೇಬಲಿನಲ್ಲಿ ಕಳಿಸುತ್ತದೆ. ಹೌದು, ಹದಿಮೂರು ಸೋಲ್ಡರಿನ ಜಾಗದಲ್ಲಿ ಮೂರಾಯಿತು. ಆದರೆ ಹಳೆಯ ಯಂತ್ರಗಳು ಇನ್ನೂ ನುಡಿಯುತ್ತಿವೆ, ಅವುಗಳ ಕೇಬಲ್‌ಗಳು ಇನ್ನೂ ನನ್ನ ಮೇಜಿಗೆ ಬರುತ್ತಿವೆ. ಮೊನ್ನೆ ಒಬ್ಬರು ಆ ಹೊಸ ಕೇಬಲನ್ನೇ ಹಿಡಿದುಕೊಂಡು ಬಂದರು. ಜ್ಯಾಕಿನ ಹಿಂದೆಯೇ ಮುರಿದಿತ್ತು. ಬಿಚ್ಚಿ, ಗಟ್ಟಿಯಾದ ಆ ಮೂರು ಮಿಲಿಮೀಟರ್ ಕತ್ತರಿಸಿ, ಹೊಸದಾಗಿ ಸೋಲ್ಡರ್ ಹಾಕಿದೆ. ಕೊಡುವ ಮುನ್ನ ಒಂದು ಮೊಳ ಹಿಂದೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದಾಗ, "ಇದು ಏನಕ್ಕೆ?" ಅಂದರು. ನಾನು ಅವರ ಹೆಗಲ ಕಡೆ ಕೈ ತೋರಿಸಿದೆ.